ಸಂಪಾದಕರ ಉತ್ತರ: ಇನ್ನೂ ಕಲಿಯುತ್ತಿರುವವರಿಗೆ ಪ್ರಶಸ್ತಿ ಏಕೆ?

ಮಾನ್ಯರೇ,

ಆರೋಗ್ಯ ಮತ್ತು ವೈದ್ಯಕೀಯ ಕ್ಷೇತ್ರದ ಅತ್ಯುತ್ತಮ ಪಿಎಚ್‌ಡಿ ಸಂಶೋಧನೆಗೆ ಪ್ರತ್ಯೇಕ ಪ್ರಶಸ್ತಿ ಇರಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ನೀವು ಸಾಕಷ್ಟು ಖಾರವಾಗಿಯೇ ಉತ್ತರಿಸಿದ್ದೀರಿ. ‘ಯೋಚನೆ ಗೈಡ್‌ದು, ಲ್ಯಾಬ್ ಸಂಸ್ಥೆಯದು, ದುಡ್ಡು ಮತ್ತ್ಯಾರದೋ. ವಿದ್ಯಾರ್ಥಿ ಹೇಳಿದಷ್ಟು ಮಾಡುವವನು. ಇನ್ನೂ ಕಲಿಯುತ್ತಿರುವವನನ್ನು ವೇದಿಕೆ ಹತ್ತಿಸುವ ಅವಸರವೇನು? ಕೊಡಲೇಬೇಕೆಂದರೆ ರೋಗಿಗಳಿಗೆ ಉಪಯೋಗವಾದದ್ದಕ್ಕೆ, ದೊಡ್ಡ ಜರ್ನಲ್‌ನಲ್ಲಿ ಬಂದದ್ದಕ್ಕೆ ಕೊಡಿ’ ಎಂದಿದ್ದೀರಿ.

ಮೊದಲ ಮಾತು ಅರ್ಧ ನಿಜ. ಉಳಿದರ್ಧಕ್ಕೆ ಸ್ಟ್ರೆಪ್ಟೊಮೈಸಿನ್ ಕಥೆಯನ್ನೇ ನೋಡಿ. ಕ್ಷಯರೋಗದ ಮೇಲೆ ಕೆಲಸ ಮಾಡಿದ ಮೊದಲ ಆ್ಯಂಟಿಬಯೋಟಿಕ್ ಅದು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪತ್ತೆ ಮಾಡಿದ್ದು ಆಲ್ಬರ್ಟ್ ಶಾಟ್ಜ್ ಎಂಬ 23ರ ಪಿಎಚ್‌ಡಿ ವಿದ್ಯಾರ್ಥಿ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಔಷಧ ಹುಡುಕುವ ದಾರಿ ಹಾಕಿಕೊಟ್ಟವರು ಗೈಡ್ ಸೆಲ್ಮನ್ ವಾಕ್ಸ್‌ಮನ್. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಪಾಯಕಾರಿ ಕ್ಷಯಾಣುಗಳ ಜೊತೆ ನೆಲಮಾಳಿಗೆಯ ಲ್ಯಾಬ್‌ನಲ್ಲಿ ಏಗಿದವರು ಶಾಟ್ಜ್. ಫ್ಲಾಸ್ಕಿನ ಮೇಲೆ ಕೆಂಪು ಗೆರೆ ಎಳೆದು, ದ್ರವ ಅಲ್ಲಿಗಿಳಿದಾಗ ಎಬ್ಬಿಸಯ್ಯಾ ಎಂದು ರಾತ್ರಿ ಕಾವಲುಗಾರನಿಗೆ ಹೇಳಿ ಅಲ್ಲೇ ಮಲಗುತ್ತಿದ್ದುದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. 1944ರ ಪ್ರಬಂಧದಲ್ಲಿ ಮೊದಲ ಹೆಸರು ಅವರದೇ. ಆಮೇಲೆ ರಾಯಧನದ ಜಗಳ ಹುಟ್ಟಿತು. 1950ರಲ್ಲಿ ಶಾಟ್ಜ್ ಕೋರ್ಟಿಗೆ ಹೋದರು. ರಾಜಿಯಾಗಿ ‘ಸಹ ಸಂಶೋಧಕ’ ಎಂಬ ಮಾನ್ಯತೆಯೂ ಶೇ 3ರಷ್ಟು ರಾಯಧನವೂ ಸಿಕ್ಕಿತು. ಇಷ್ಟಾದರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ರಟ್ಗರ್ಸ್ ತನ್ನ ಪದಕವನ್ನು ಶಾಟ್ಜ್ ಕೊರಳಿಗೆ ಹಾಕಿದ್ದು 1994ರಲ್ಲಿ! (ಆ ಪ್ರಬಂಧದ ಎರಡನೇ ಹೆಸರು ಎಲಿಜಬೆತ್ ಬುಗೀ ಎಂಬ ವಿದ್ಯಾರ್ಥಿನಿಯದು. ಪೇಟೆಂಟಿನಲ್ಲಿ ಆಕೆಯ ಹೆಸರೇ ಇರಲಿಲ್ಲ. ಅದೇ ಇನ್ನೊಂದು ಲೇಖನವಾದೀತು.)

ವಿದ್ಯಾರ್ಥಿ ಪ್ರಶಸ್ತಿ ಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಥೀಸಿಸ್ ಮುಗಿದ ವರ್ಷವೇ ಅರ್ಜಿ ಹಾಕಬೇಕೆಂದರೆ, ಈ ಪ್ರಶ್ನೆ ಯಾರಿಗೆ ಹೊಳೆಯಿತು, ಪ್ರಯೋಗ ಯಾರು ರೂಪಿಸಿದರು, ಅಂಕಿ ಅಂಶ ಯಾರು ತಾಳೆ ನೋಡಿದರು ಎಂದು ಗೈಡೂ ವಿದ್ಯಾರ್ಥಿಯೂ ಕೂತು ಬರೆದು, ಇಬ್ಬರೂ ಸಹಿ ಹಾಕಬೇಕಾಗುತ್ತದೆ. ನೆನಪು ಹಸಿಯಾಗಿರುವಾಗ, ಹಣ ಕೀರ್ತಿ ಇನ್ನೂ ನಡುವೆ ಬಾರದಿರುವಾಗ. ಜರ್ನಲ್‌ಗಳೇ ಈಗ ಲೇಖಕರ ಪಾತ್ರವನ್ನು 14 ಬಗೆಯಾಗಿ ವಿಂಗಡಿಸಿ ಹೇಳುವ ಪದ್ಧತಿಗೆ ಬಂದಿವೆ. ಪ್ರಶಸ್ತಿ ಅರ್ಜಿಯಲ್ಲೂ ಅದನ್ನೇ ಕೇಳಿದರಾಯಿತು.

ಎಲ್ಲಾ ಗೈಡ್‌ಗಳೂ ಹಾಗಲ್ಲ ಎನ್ನುತ್ತೀರಿ. ಖಂಡಿತ ಅಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ 1984ರ ಕ್ರಿಸ್‌ಮಸ್ ದಿನ ಲ್ಯಾಬಿಗೆ ಹೋಗಿ, ಪ್ರಯೋಗದ ಫಲ ಮೂಡುವ ಫಿಲ್ಮ್ ತೊಳೆದು ನೋಡಿದರು. ಡಿಎನ್‌ಎಯ ಆರು ಅಕ್ಷರಗಳಿಗೊಮ್ಮೆ ಮರುಕಳಿಸುವ ಪಟ್ಟಿಗಳು ಅದರಲ್ಲಿ ಏಣಿಯಂತೆ ಮೂಡಿದ್ದವು. ಕ್ರೋಮೊಸೋಮುಗಳ ತುದಿ ಸವೆಯದಂತೆ ಕಾಯುವ ಟೆಲೊಮರೇಸ್ ಕಿಣ್ವದ ಮೊದಲ ಗುರುತು ಅದು. 2009ರ ನೊಬೆಲ್‌ನಲ್ಲಿ ಗುರು ಶಿಷ್ಯೆ ಇಬ್ಬರ ಹೆಸರೂ ಇತ್ತು. ನನಗೆ ಆ ಕ್ರಿಸ್‌ಮಸ್‌ಗಿಂತ ದೊಡ್ಡದಾಗಿ ಕಾಣುವುದು ಅದರ ನಂತರದ ತಿಂಗಳುಗಳು. ಕಂಡದ್ದು ನಿಜವೇ, ಹಳೆಯ ಯಾವುದೋ ಕಿಣ್ವದ ಕಣ್ಕಟ್ಟೇ ಎಂದು ಇಬ್ಬರೂ ಒಂದಾದ ಮೇಲೊಂದು ಪರೀಕ್ಷೆ ಒಡ್ಡಿ, ತಮ್ಮ ಫಲಿತಾಂಶವನ್ನೇ ಕೆಡವಲು ನೋಡಿದರು. ಅದು ಬೀಳದೆ ನಿಂತ ಮೇಲೆಯೇ, 1985ರ ಕೊನೆಗೆ, ಪ್ರಬಂಧ ಹೊರಬಂದಿತು. ತೀರ್ಪುಗಾರರು ಥೀಸಿಸ್‌ನಲ್ಲಿ ಹುಡುಕಬೇಕಾದದ್ದು ಈ ಗುಣವನ್ನು.

ಇನ್ನು ‘ರೋಗಿಗೆ ಉಪಯೋಗವಾದದ್ದಕ್ಕೆ ಕೊಡಿ’ ಎಂಬ ಸಲಹೆ. ಕೇಳಲು ಚೆನ್ನ, ಕೊಡುವ ಹೊತ್ತಿಗೆ ಪಡೆಯುವವರು ಇರಬೇಕಲ್ಲ! 1869ರಲ್ಲಿ ಬರ್ಲಿನ್‌ನ ಪೌಲ್ ಲಾಂಗರ್‌ಹಾನ್ಸ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಮೇದೋಜೀರಕ ಗ್ರಂಥಿಯೊಳಗಿನ ಪುಟ್ಟ ಜೀವಕೋಶ ಗುಂಪುಗಳನ್ನು ವಿವರಿಸಿದ. ಅವು ಏನು ಮಾಡುತ್ತವೆ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿದವನಂತೆ ಹೇಳಲೂ ಹೋಗಲಿಲ್ಲ. 1888ರಲ್ಲಿ ತೀರಿಕೊಂಡ. ಮರುವರ್ಷವೇ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್, ಆ ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹ ಬರುವುದನ್ನು ಕಂಡರು. ಟೊರಾಂಟೊದಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿದ್ದು 1921ರಲ್ಲಿ. ಅದು ಹುಟ್ಟುವುದು ಲಾಂಗರ್‌ಹಾನ್ಸ್ ಕಂಡ ಆ ಜೀವಕೋಶ ಗುಂಪುಗಳಲ್ಲೇ. ನಿಮ್ಮ ಅಳತೆಗೋಲಿನಲ್ಲಿ ಅವನ ಪ್ರಬಂಧಕ್ಕೆ 1869ರಲ್ಲಿ ಸೊನ್ನೆ ಅಂಕ.

ಜರ್ನಲ್ ಹೆಸರು ನೋಡಿ ಅಂಕ ಹಾಕುವುದಂತೂ ಬೇಡವೇ ಬೇಡ. ಇಂಪ್ಯಾಕ್ಟ್ ಫ್ಯಾಕ್ಟರ್ (ಒಂದು ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ) ಹುಟ್ಟಿದ್ದು ಯಾವ ಜರ್ನಲ್ ತರಿಸಬೇಕೆಂದು ಗ್ರಂಥಪಾಲಕರಿಗೆ ತಿಳಿಯಲಿ ಎಂದು. ವ್ಯಕ್ತಿಯ ಯೋಗ್ಯತೆ ಅಳೆಯಲು ಅದನ್ನು ಬಳಸಬೇಡಿ ಎಂಬ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2012ರಲ್ಲೇ ರೂಪುಗೊಂಡಿತು. ಸಮಿತಿಯವರು ಥೀಸಿಸ್ ಓದಲಿ. ಇನ್ನೂರು ಪುಟ ಓದಲು ಪುರುಸೊತ್ತಿಲ್ಲದವರು ಸಮಿತಿಗೆ ಬರುವುದೇಕೆ?

ಒಂದು ಸೇರಿಕೆ. ಭರವಸೆ ಹುಟ್ಟಿಸಿದ್ದ ಚಿಕಿತ್ಸೆಯೊಂದು ಕೆಲಸ ಮಾಡುವುದಿಲ್ಲ ಎಂದು ನಾಲ್ಕು ವರ್ಷ ದುಡಿದು ತೋರಿಸಿದ ವಿದ್ಯಾರ್ಥಿಗೂ ಈ ಪ್ರಶಸ್ತಿಯ ಬಾಗಿಲು ತೆರೆದಿರಬೇಕು. ಅಂಥ ಥೀಸಿಸ್ ಕಪಾಟು ಸೇರಿಬಿಟ್ಟರೆ ಇನ್ನೊಂದು ಲ್ಯಾಬ್ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಇನ್ನಷ್ಟು ರೋಗಿಗಳ ಮೇಲೆ ಅದೇ ಮದ್ದಿನ ಪರೀಕ್ಷೆ ನಡೆಯುತ್ತದೆ. ಉಪಯೋಗದ ಮಾತೆತ್ತಿದ ನಿಮಗೆ ಇದು ಒಪ್ಪಿಗೆಯಾದೀತು ಎಂದುಕೊಂಡಿದ್ದೇನೆ.

ಗೈಡ್ ಕೂಡ ವೇದಿಕೆಯಲ್ಲಿರಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಇರಲಿ, ಪಕ್ಕದ ಕುರ್ಚಿಯಲ್ಲಿ.

– ಸಂ.