ಉಗುರುಸುತ್ತಿಗೆ ನಿಂಬೆಹಣ್ಣು, ಕಚ್ಚುವ ಚಾಳಿಗೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ದ್ವಿತೀಯ ಪಿಯುಸಿಯ ಹುಡುಗಿ. ತಾಯಿಯ ಹಿಂದೆ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಾಗ ಬಲಗೈ ತೋರುಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದಳು. ಉಗುರುಸುತ್ತು.

"ಮೂರನೆಯ ಸಲ ಮೇಡಂ. ಬೇವಿನೆಣ್ಣೆ ಹಚ್ಚಿದೆ, ಹಾಗಲಕಾಯಿ ರಸ ಹಚ್ಚಿದೆ. ಅದನ್ನೂ ಸೇರಿಸಿಯೇ ಉಗುರು ಕಚ್ಚುತ್ತಾಳೆ" ಎಂದರು ತಾಯಿ.

ಕೀವು ತುಂಬಿ ಮಿಡಿಯುವ ಬೆರಳಿಗೆ ನನ್ನ ಮಾತಿನಿಂದ ಏನೂ ಆಗದು. ಮೊದಲು ವೈದ್ಯರ ಬಳಿ ಕಳುಹಿಸಿದೆ. ಬಾವು ಇಳಿದ ಮೇಲೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಕಚ್ಚಬೇಡ ಎನ್ನಲಿಲ್ಲ. ಬೆರಳು ಬಾಯಿಗೆ ಹೋದಾಗಲೆಲ್ಲ ಚಿಕ್ಕ ಪುಸ್ತಕದಲ್ಲಿ ಒಂದು ಗೀಟು ಹಾಕು, ಅದಕ್ಕೆ ಮುಂಚೆ ಕೈ ಏನು ಮಾಡುತ್ತಿತ್ತು ಬರೆ ಎಂದೆ.

ತಾಯಿ ಪರೀಕ್ಷೆಯ ಭಯ ಎಂದುಕೊಂಡಿದ್ದರು. ಪುಸ್ತಕ ಬೇರೆಯೇ ಹೇಳಿತು. ಲೆಕ್ಕ ಬಿಡಿಸುತ್ತಾ ತಡೆದು ಕೂತಾಗ ಹೆಬ್ಬೆರಳು ಉಳಿದ ಉಗುರುಗಳ ಅಂಚನ್ನು ಸವರುತ್ತದೆ. ಎಲ್ಲೋ ಒಂದು ಮೊನೆ ತಾಗುತ್ತದೆ. ಅದನ್ನು ಸರಿಮಾಡಲು ಹಲ್ಲು. ಹಲ್ಲು ಇನ್ನೊಂದು ಮೊನೆ ಎಬ್ಬಿಸುತ್ತದೆ. ಪಾಪ, ಅವಳು ದುರಸ್ತಿ ಮಾಡುತ್ತಿದ್ದಳು!

ಹಾಗಾಗಿ ಕಂಪಾಸು ಪೆಟ್ಟಿಗೆಯಲ್ಲಿ ಉಗುರು ಉಜ್ಜುವ ಪುಟ್ಟ ಅರ ಇಟ್ಟುಕೊಳ್ಳಲು ಹೇಳಿದೆ. ಮೊನೆ ಸಿಕ್ಕರೆ ಒಂದೇ ದಿಕ್ಕಿಗೆ ಉಜ್ಜುವುದು. ಅರ ಇಲ್ಲದಾಗ ಒಂದು ನಿಮಿಷ ಮುಷ್ಟಿ ಬಿಗಿಹಿಡಿಯುವುದು. ವಾರಕ್ಕೊಮ್ಮೆ ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ ಅವಳದೇ ನೇಲ್ ಕಟರ್‌ನಿಂದ ಕತ್ತರಿಸುವುದು. ಮಂಗಳವಾರ, ಶುಕ್ರವಾರ, ದೀಪ ಹಚ್ಚಿದ ಮೇಲೆ ಕೂಡದು ಎಂದರು ತಾಯಿ. ಭಾನುವಾರ ಬೆಳಿಗ್ಗೆ ಎಂದು ಗೊತ್ತುಮಾಡಿದೆವು. ಅದಕ್ಕೆಲ್ಲ ಜಗಳ ಯಾಕೆ?

ಬುಡದ ತೆಳುಪೊರೆಯನ್ನು ಮಾತ್ರ ಕತ್ತರಿಸಬಾರದು, ಕೀಳಬಾರದು. ರೋಗಾಣು ಒಳಗೆ ಇಳಿಯದಂತೆ ಅದು ಅಲ್ಲಿ ಬೆಸುಗೆಯಂತೆ ಕೂತಿದೆ. ಅದರಡಿಯ ಬೇರಿನಲ್ಲಿ ಹುಟ್ಟಿದ ಜೀವಕೋಶಗಳೇ ಕೆರಾಟಿನ್ ಎಂಬ ಪ್ರೋಟೀನು ತುಂಬಿ ಗಟ್ಟಿಯಾಗಿ, ಸತ್ತು, ಮುಂದಕ್ಕೆ ಸರಿದು ಉಗುರಾಗುವುದು. ರಾತ್ರಿ ಅಲ್ಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ. ಉಗುರಿನಡಿಯ ಕೊಳೆಗೆ ಸೋಪು, ಮೆತ್ತನೆಯ ಬ್ರಷ್ಷು ಸಾಕು. ತಾಯಿಯ ಬಳೆಗೆ ಸಿಕ್ಕಿಸಿದ್ದ ಪಿನ್ನು ಬೇಡ, ಅದು ಉಗುರನ್ನು ಚರ್ಮದಿಂದ ಎಬ್ಬಿಸುತ್ತದೆ.

ಉಂಗುರಬೆರಳಿನ ಉಗುರಿನ ನಡುವೆ ಒಂದು ಬಿಳಿ ಚುಕ್ಕೆಯಿತ್ತು. ತಾಯಿ ಅದಕ್ಕೆಂದು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಿದ್ದರು. ಇಂಥ ಚುಕ್ಕೆ ಸಾಮಾನ್ಯವಾಗಿ ಹಿಂದೆಂದೋ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು. ನನಗೆ ಅದು ಬೇರೆ ಕೆಲಸಕ್ಕೆ ಬಂತು. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ದಿನಾ ಕನ್ನಡಿಯಂತೆ ಉಗುರು ನೋಡಿಕೊಂಡರೆ ನಿರಾಸೆಯೇ. ಪ್ರತಿ ಭಾನುವಾರ ಆ ಚುಕ್ಕೆ ಎಷ್ಟು ಸರಿಯಿತು ಎಂದು ಸ್ಕೇಲಿಟ್ಟು ಅಳೆ ಎಂದೆ. "ಕೈ ತೆಗೆ" ಎಂದು ಕೂಗುವುದನ್ನು ಬಿಡಲು ತಾಯಿಗೆ ಹೇಳಿದೆ. ಇದು ಅವರಿಗೆ ಕಷ್ಟವಾಯಿತು.

ಪೂರ್ವಸಿದ್ಧತಾ ಪರೀಕ್ಷೆಯ ವಾರ ಎರಡು ಉಗುರು ಮತ್ತೆ ಹೋದವು. ಉಳಿದ ಎಂಟು ಇದ್ದವು. ಹತ್ತನೆಯ ವಾರ ಬಂದವಳು ಉಂಗುರಬೆರಳು ಮುಂದೆ ಚಾಚಿದಳು. ಚುಕ್ಕೆ ತುದಿಗೆ ಬಂದಿತ್ತು.

"ಈ ಭಾನುವಾರ ಇದನ್ನು ಕತ್ತರಿಸಲೇಬೇಕಾ ಮೇಡಂ?" ಎಂದಳು.