ಆವರ್ತ ಕೋಷ್ಟಕದ 1ನೇ ಗುಂಪಿನಲ್ಲಿ (ಲಿಥಿಯಂ, ಸೋಡಿಯಂ ಇತ್ಯಾದಿ) ಕೆಳಗೆ ಹೋದಂತೆ ಚುರುಕು, ಅಂದರೆ ಬೇರೆ ವಸ್ತುಗಳ ಜೊತೆ ಕ್ರಿಯೆ ನಡೆಸುವ ಗುಣ, ಜಾಸ್ತಿ; 17ನೇ ಗುಂಪಿನಲ್ಲಿ (ಮೇಲಿನಿಂದ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್) ಕಡಿಮೆ. ಯಾಕೆ ಹೀಗೆ ಉಲ್ಟಾ?

ಕಾರಣ ಒಂದೇ, ಆದರೆ ಎರಡೂ ಗುಂಪುಗಳ ಕೆಲಸ ಬೇರೆ. ಕೆಳಗೆ ಹೋದಂತೆ ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್‌ನ ಹಿಡಿತ ಸಡಿಲವಾಗುತ್ತದೆ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಲ್ಲವೂ ಒಂದು ಎಲೆಕ್ಟ್ರಾನ್ ಬಿಟ್ಟುಕೊಡಬೇಕು, ಹಿಡಿತ ಸಡಿಲವಾದಷ್ಟೂ ಅದು ಸುಲಭ ಅಲ್ವಾ? ಅದನ್ನು ಕೀಳಲು ಒಂದು ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ದೊಡ್ಡ ಸಂಖ್ಯೆಗೆ) ಲಿಥಿಯಂನಲ್ಲಿ ಸುಮಾರು 520 ಕಿಲೋಜೌಲ್ ಬೇಕು, ಅದೇ ಗುಂಪಿನಲ್ಲಿ ತುಂಬಾ ಕೆಳಗಿರುವ ಸೀಸಿಯಂನಲ್ಲಿ 376 ಸಾಕು.

ನೀರಿಗೆ ಹಾಕಿದಾಗ ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ, ಇದು ನನಗೆ ತುಂಬಾ ಇಷ್ಟ. ಸೋಡಿಯಂ 98 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಹಾಗಾಗಿ ಕ್ರಿಯೆಯ ಬಿಸಿಗೇ ಕರಗಿ ಗುಂಡಗಾಗಿ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ಇನ್ನೂ ಬೇಗ ಕರಗಿ, ಹೊರಬಂದ ಹೈಡ್ರೋಜನ್‌ಗೆ ಬೆಂಕಿ ಹತ್ತಿ ನೇರಳೆ ಜ್ವಾಲೆ ಕಾಣುತ್ತದೆ. ಲಿಥಿಯಂ ಕರಗಲು ಸುಮಾರು 180 ಡಿಗ್ರಿ ಬೇಕು, ಅದು ಗಟ್ಟಿಯಾಗಿಯೇ ಉಳಿದು ಸುಮ್ನೆ ಗುಳ್ಳೆ ಬಿಡುತ್ತದೆ.

17ನೇ ಗುಂಪಿನವು ಎಲೆಕ್ಟ್ರಾನನ್ನು ಹೊರಗಿನಿಂದ ಎಳೆದುಕೊಳ್ಳಬೇಕು. ಹಿಡಿತ ಸಡಿಲವಾದರೆ ಎಳೆಯುವುದು ಕಷ್ಟ. ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ಸೇರಿಸಿ ನೋಡಿ, ಕ್ಲೋರಿನ್ ಬ್ರೋಮೈಡ್‌ನಿಂದ ಎಲೆಕ್ಟ್ರಾನ್ ಎಳೆದುಕೊಂಡು, ಬ್ರೋಮಿನ್ ಬಿಡುಗಡೆಯಾಗಿ ಕಿತ್ತಳೆ ಬಣ್ಣ ಬರುತ್ತದೆ. ಅಯೋಡಿನ್ ಹಾಕಿದರೆ ಆ ಬದಲಾವಣೆ ಆಗುವುದಿಲ್ಲ. (ಕ್ಲೋರಿನ್ ವಿಷ, ಟೀಚರ್ ಜೊತೆ ಲ್ಯಾಬ್‌ನಲ್ಲಿ ಮಾತ್ರ ಮಾಡಿ.)

ಫ್ಲೋರಿನ್‌ದು ಸ್ವಲ್ಪ ಬೇರೆ ಕಥೆ. ಒಂಟಿ ಪರಮಾಣು ಎಲೆಕ್ಟ್ರಾನ್ ಪಡೆದಾಗ ಕ್ಲೋರಿನ್‌ಗಿಂತ ಕಡಿಮೆ ಶಕ್ತಿ ಹೊರಬರುತ್ತದೆ. ಆದರೂ ಅದೇ ಎಲ್ಲಕ್ಕಿಂತ ಚುರುಕು, ಯಾಕೆಂದರೆ ಎರಡು ಫ್ಲೋರಿನ್ ಪರಮಾಣುಗಳ ನಡುವಿನ ಬಂಧ ತುಂಬಾ ದುರ್ಬಲ, ಬೇರೆ ಪರಮಾಣುಗಳ ಜೊತೆ ಅದು ಕಟ್ಟುವ ಬಂಧ ಬಹಳ ಗಟ್ಟಿ.