ಬೂದಿಯಿಲ್ಲದ ಕಡ್ಡಿಯ ಬೂದಿ ಕೊಡವಿದ ಹುಡುಗ

ಹಾಸನದಿಂದ ಒಬ್ಬ ತಾಯಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ವಿಷಯ ಇಷ್ಟು.

ಷಷ್ಠಿ ಜಾತ್ರೆಗೆಂದು ಇವರು ರಾಮನಾಥಪುರದ ಹತ್ತಿರದ ಗಂಡನ ಊರಿಗೆ ಹೋಗಿದ್ದರು. ಮಾವನವರು ಏಳು ವರ್ಷದ ಮೊಮ್ಮಗನ ಕೈಗೆ ಇಪ್ಪತ್ತು ರೂಪಾಯಿ ಇಟ್ಟರು. ಹುಡುಗ ಜಾತ್ರೆ ಅಂಗಡಿಯಿಂದ ಸಿಗರೇಟ್ ಪೆಪ್ಪರ್‌ಮೆಂಟಿನ ಪ್ಯಾಕು ತಂದ. ಮಾರನೆಯ ದಿನ ಬೆಳಿಗ್ಗೆ ಒಳ್ಳೆ ಚಳಿ. ತಾತ ಜಗಲಿ ಮೇಲೆ ಬೀಡಿ ಸೇದುತ್ತಾ ಕೂತಿದ್ದರು. ಮೊಮ್ಮಗ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತ. ಬಿಳಿ ಕಡ್ಡಿಯನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಿಂದ ಹಬೆ ಬಿಟ್ಟ. ಆಮೇಲೆ ತೋರುಬೆರಳಿಂದ ಕಡ್ಡಿಯ ಬೆನ್ನು ತಟ್ಟಿ ಬೂದಿ ಕೊಡವಿದ. ಗಂಡ ಅದನ್ನು ಮೊಬೈಲಿನಲ್ಲಿ ಹಿಡಿದು ಮನೆಯವರ ಗುಂಪಿಗೆ ಹಾಕಿದರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಇವರು ಪ್ಯಾಕನ್ನು ಕಿತ್ತುಕೊಂಡು ಚರಂಡಿಗೆ ಎಸೆದರು, ಮಗನಿಗೆ ಒಂದೇಟು ಹಾಕಿದರು. 'ಸಕ್ಕರೆ ಕಡ್ಡಿ ಕಣೇ ಅದು' ಎಂದು ಗಂಡ, 'ಆಟ ಆಡೋ ಮಗೂನ ಹೊಡೀತಾರಾ' ಎಂದು ಅತ್ತೆ. ಅವತ್ತಿನಿಂದ ಮನೆಯಲ್ಲಿ ಮಾತಿಗೆ ಮಾತು.

ಅವರ ಪ್ರಶ್ನೆಗಳು ಮೂರು. ನಾನು ಮಾಡಿದ್ದು ತಪ್ಪಾ? ಅಂಗಡಿಯವನ ಮೇಲೆ ದೂರು ಕೊಡಬಹುದಾ? ಕೊನೆಯದು, 'ನಮ್ಮದೇ ಎರಡು ಬ್ಯಾರನ್ (ಹೊಗೆಸೊಪ್ಪು ಹದ ಮಾಡಿ ಒಣಗಿಸುವ ಮನೆ) ಇವೆ. ಹೊಗೆಸೊಪ್ಪು ಬೆಳೆದು ಬದುಕುವ ಮನೆಯವಳು ಮಗನಿಗೆ ಯಾವ ಬಾಯಲ್ಲಿ ಹೇಳಲಿ?'

ಕೊನೆಯ ಪ್ರಶ್ನೆಯೇ ಇವುಗಳಲ್ಲಿ ದೊಡ್ಡದು, ಅಲ್ಲಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೆ. ಆದರೆ ಆ ಬೂದಿ ನನ್ನನ್ನು ಬಿಡುತ್ತಿಲ್ಲ.

ಪೆಪ್ಪರ್‌ಮೆಂಟಿಗೆ ಬೂದಿ ಬರುವುದಿಲ್ಲ, ಅಲ್ವಾ? ಅದು ಸಕ್ಕರೆ, ಒಂದಿಷ್ಟು ಪುದೀನ ವಾಸನೆ, ತುದಿಗೆ ಕೆಂಪು ಬಣ್ಣ. ತಟ್ಟಿ ಕೊಡವಬೇಕು ಎಂದು ಪ್ಯಾಕಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಕಣ್ಣು ಕಿರಿದು ಮಾಡುವುದನ್ನು, ಕಾಲ ಮೇಲೆ ಕಾಲು ಹಾಕುವುದನ್ನು ಅಂಗಡಿಯವನು ಹೇಳಿಕೊಟ್ಟಿಲ್ಲ. ನಿಮ್ಮ ಮಗ ಅಭಿನಯಿಸಿದ್ದು ಸಿಗರೇಟನ್ನಲ್ಲ, ತಾತನನ್ನು. ಕೈಗೆ ಪೆಪ್ಪರ್‌ಮೆಂಟ್ ಸಿಗದಿದ್ದರೆ ಸೀಮೆಸುಣ್ಣ ಆಗುತ್ತಿತ್ತು, ಅದೂ ಇಲ್ಲದಿದ್ದರೆ ಸುರುಳಿ ಸುತ್ತಿದ ಕ್ಯಾಲೆಂಡರ್ ಹಾಳೆ. ಡಿಸೆಂಬರಿನಲ್ಲಿ ನಮ್ಮ ಕಡೆ ಹೊಗೆಯಂತೂ ಬಿಟ್ಟಿ ಸಿಗುತ್ತದೆ. ಬಾಯಿ ತೆರೆದರೆ ಸಾಕು.

ಪ್ಯಾಕು ಚರಂಡಿಗೆ ಹೋಯಿತು. ಹುಡುಗ ಕಲಿತದ್ದು ಜಗಲಿ ಮೇಲೆಯೇ ಉಳಿಯಿತು. ಇದು ಮಾವನವರ ಮೇಲಿನ ದೂರಲ್ಲ. ತಾತನ ಪಕ್ಕದಲ್ಲಿ ತಾತನ ಹಾಗೆ ಕೂರುವ ಹುಡುಗನಿಗೆ ತಾತ ಎಂದರೆ ಪ್ರಾಣ, ಅಷ್ಟೇ.

ನನ್ನದೂ ಒಂದು ಕತೆ ಇದೆ, ಹೇಳಿಬಿಡುತ್ತೇನೆ. ನಮ್ಮಪ್ಪ ಬೀಡಿ ಸೇದುತ್ತಿದ್ದರು. ಬೀಡಿ ತರುವುದು ನನ್ನ ಕೆಲಸ. ಒಂದು ಕಟ್ಟು ತೆಗೆದುಕೊಂಡರೆ ಅಂಗಡಿಯವರು ಕೊಸರು ಎಂದು ನನ್ನ ಕೈಗೆ ಒಂದು ಪೆಪ್ಪರ್‌ಮೆಂಟ್ ಹಾಕುತ್ತಿದ್ದರು. ಕೆಲವು ಸಲ ಅದು ಈ ಬಿಳಿ ಕಡ್ಡಿಯೇ ಆಗಿರುತ್ತಿತ್ತು. ಒಂದು ಕೈಯಲ್ಲಿ ಅಪ್ಪನದು, ಇನ್ನೊಂದು ಕೈಯಲ್ಲಿ ನನ್ನದು. ದಾರಿಯಲ್ಲಿ ಕಡ್ಡಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ಗತ್ತಿನಲ್ಲಿ ಬರುತ್ತಿದ್ದೆ. ಮನೆ ಬಾಗಿಲ ಹೊತ್ತಿಗೆ ತುದಿಯ ಕೆಂಪು ಚೀಪಿ ಚೀಪಿ ತಿಳಿ ಗುಲಾಬಿ ಆಗಿರುತ್ತಿತ್ತು.

ನಿಜವಾದ ಸಿಗರೇಟು ಹಿಡಿದದ್ದು ಆ ಮಿಠಾಯಿಯಿಂದಲ್ಲ. ಕಾಲೇಜಿಗೆ ಬಂದ ಮೇಲೆ, ಟೀ ಅಂಗಡಿಯ ಹಿಂದೆ, ಗೆಳೆಯನೊಬ್ಬ ಕೊಟ್ಟದ್ದು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅದನ್ನು ಹೇಗೆ ಹಿಡಿಯುವುದು ಎಂದು ಅವನು ತೋರಿಸಬೇಕಾಗಿ ಬರಲಿಲ್ಲ. ಬೆರಳಿಗೆ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ. ಆದರೂ ಹನ್ನೊಂದು ವರ್ಷ ಬಿಡಲಿಲ್ಲ.

ಬೆರಳಿಗೆ ಬಂದ ಆ ರೂಢಿಯಲ್ಲಿ ಅಪ್ಪನ ಪಾಲೆಷ್ಟು, ಮಿಠಾಯಿಯ ಪಾಲೆಷ್ಟು ಎಂದು ನನ್ನಿಂದ ಬಿಡಿಸಿ ಹೇಳಲು ಆಗುವುದಿಲ್ಲ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಲು ನೋಡಿದ್ದಾರೆ. ಸುಮಾರು 26 ಸಾವಿರ ವಯಸ್ಕರನ್ನು ಕೇಳಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವವರು, ಸೇದಿ ಬಿಟ್ಟವರಲ್ಲಿ 100ಕ್ಕೆ 88 ಮಂದಿ ಚಿಕ್ಕವರಿದ್ದಾಗ ಈ ಮಿಠಾಯಿ ತಿಂದಿದ್ದರು. ಯಾವತ್ತೂ ಸೇದದವರಲ್ಲಿ 78. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿದರೆ ಅವರು 78ನ್ನು ಹಿಡಿದುಕೊಳ್ಳುತ್ತಾರೆ, ನೀವು 88ನ್ನು ಹಿಡಿದುಕೊಳ್ಳುತ್ತೀರಿ. ಇಬ್ಬರದೂ ಸರಿಯೇ. ತಿಂದವರೆಲ್ಲ ಸೇದುವುದಿಲ್ಲ. ಆದರೆ ನಡುವಿನ ಆ ಹತ್ತು ಸುಮ್ನೆ ಬಂದದ್ದೂ ಅಲ್ಲ. ಸೇದುವ ಅಪ್ಪ, ತಾತ ಇರುವ ಮನೆಯ ಮಕ್ಕಳೇ ಆ ಮಿಠಾಯಿಯನ್ನು ಜಾಸ್ತಿ ಕೊಂಡಿರಬಹುದು ಎಂದು ನನಗನ್ನಿಸುತ್ತದೆ. ನಾನಂತೂ ಹಾಗೇ ಕೊಂಡವನು. ಅಲ್ಲ, ಕೊಸರಿಗೆ ಪಡೆದವನು.

ಹಾಗಾದರೆ ಮಾಡುವುದೇನು? ನೀವಾಗಿ ಕೊಡಿಸಬೇಡಿ. ಜಾತ್ರೆಯಲ್ಲಿ ಬೆಂಡು ಬತ್ತಾಸು, ಕಬ್ಬಿನ ಹಾಲು, ಬಣ್ಣದ ಐಸು ಇರುವಾಗ ಇದೊಂದು ಇಲ್ಲದಿದ್ದರೆ ಹುಡುಗನಿಗೆ ಏನೂ ಕಮ್ಮಿಯಾಗುವುದಿಲ್ಲ. ಅವನೇ ತಂದರೆ ರಂಪ ಮಾಡಬೇಡಿ. 'ತಿನ್ನೋದಾದ್ರೆ ಕಚ್ಚಿ ತಿನ್ನು' ಎಂದರೆ ಆಟ ಅರ್ಧಕ್ಕೆ ನಿಂತುಹೋಗುತ್ತದೆ. ಕಡ್ಡಿ ಇರುವುದು ಒಂದು ನಿಮಿಷ. ಅದನ್ನು ಚರಂಡಿಗೆ ಎಸೆದು ನೀವು ಅದಕ್ಕೆ ವರ್ಷಗಟ್ಟಲೆ ಆಯಸ್ಸು ಕೊಟ್ಟಿರಿ. ನೀವು ಹೊಡೆದ ಏಟು ಅವನಿಗೆ ನೆನಪಿರುತ್ತದೆ, ಯಾಕೆ ಎನ್ನುವುದು ಗೊತ್ತಿರುವುದಿಲ್ಲ. ತಾತ ಮಾಡಿದರೆ ಏನೂ ಇಲ್ಲ, ನಾನು ಮಾಡಿದರೆ ಏಟು ಎನ್ನುವುದಷ್ಟೇ ಅವನ ತಲೆಗೆ ಹೋಗಿರುತ್ತದೆ. ಹೊಡೆದದ್ದು ತಪ್ಪಾಯ್ತು ಎಂದು ಅವನಿಗೆ ಹೇಳಿ. ತಾಯಿ ತಪ್ಪು ಒಪ್ಪಿಕೊಂಡರೆ ಮಗ ತಲೆ ಮೇಲೆ ಕೂರುತ್ತಾನೆ ಎನ್ನುವವರ ಮಾತು ಕೇಳಬೇಡಿ.

ಯಜಮಾನರಿಗೂ ಒಂದು ಮಾತು. ಆ ವಿಡಿಯೊ ಅಳಿಸಿ. ಮಿಠಾಯಿಗಿಂತ ನನಗೆ ಅದೇ ಜಾಸ್ತಿ ಚುಚ್ಚಿತು. ಹುಡುಗ ಮೊದಲನೇ ಸಲ ಮಾಡಿದ್ದು ತಾತನ ಮೇಲಿನ ಪ್ರೀತಿಗೆ. ಇಡೀ ಬಳಗ ಚಪ್ಪಾಳೆ ಹೊಡೆದ ಮೇಲೆ ಎರಡನೇ ಸಲ ಮಾಡುವುದು ಚಪ್ಪಾಳೆಗೆ.

ಅಂಗಡಿಯವನ ವಿಷಯ. ಜಗತ್ತಿನ ದೇಶಗಳು ಸೇರಿ ಮಾಡಿಕೊಂಡ ತಂಬಾಕು ನಿಯಂತ್ರಣದ ಒಪ್ಪಂದ ಒಂದಿದೆ. ಮಕ್ಕಳ ಮನಸ್ಸು ಸೆಳೆಯುವ, ತಂಬಾಕಿನ ವಸ್ತುಗಳ ಆಕಾರದ ಮಿಠಾಯಿ, ಆಟಿಕೆ ಮಾರುವುದನ್ನು ತಡೆಯಬೇಕು ಎಂದು ಅದರ 16ನೇ ಕಲಮು ಹೇಳುತ್ತದೆ. ಭಾರತ 2004ರಲ್ಲೇ ಇದನ್ನು ಒಪ್ಪಿಕೊಂಡಿದೆ. ಆದರೆ ನಮ್ಮ 2003ರ ತಂಬಾಕು ಕಾಯ್ದೆಯಲ್ಲಿ ಈ ಪೆಪ್ಪರ್‌ಮೆಂಟಿನ ಸುದ್ದಿಯೇ ಇಲ್ಲ. ಜಾತ್ರೆಯಲ್ಲಿ ಚಾಪೆ ಹಾಸಿ ಪೀಪಿ, ಬಲೂನಿನ ಜೊತೆ ನಾಲ್ಕು ಪ್ಯಾಕು ಮಾರುವವನ ಮೇಲೆ ದೂರು ಕೊಟ್ಟು ಏನು ಬರುತ್ತದೆ, ಬಿಡಿ.

ಆದರೆ ನಿಮ್ಮ ಮೂರನೇ ಪುಟದಲ್ಲಿ ಒಂದು ಸಾಲು ಇದೆ. ನೀವು ಅದನ್ನು ದಾಟಿ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. 'ಮಾವ ಬೀಡಿ ತರಲು ಇವನನ್ನೇ ಕಳಿಸುತ್ತಾರೆ.' ಕಾಯ್ದೆ ಇರುವುದು ಇಲ್ಲಿ. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ಬೀಡಿ, ಸಿಗರೇಟು ಮಾರುವಂತಿಲ್ಲ. ಮೊದಲು 18 ಇತ್ತು. ಮಕ್ಕಳ ಕೈಗೆ ತಂಬಾಕಿನ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಊರಿನ ಅಂಗಡಿಯವರು ಪರಿಚಯದವರೇ ಇರುತ್ತಾರೆ. 'ನಮ್ಮ ಹುಡುಗ ಬಂದ್ರೆ ಬೀಡಿ ಕೊಡಬೇಡಿ ಅಣ್ಣಾ' ಎಂದು ನಿಮ್ಮ ಯಜಮಾನರು ಹೇಳಿ ಬಂದರೆ ಸಾಕು. ಜಗಳ ಮಾಡುವುದಾದರೆ ಇದಕ್ಕೆ ಮಾಡಿ, ಸಕ್ಕರೆ ಕಡ್ಡಿಗಲ್ಲ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ಮಿಠಾಯಿ ಸಿಗರೇಟಿನ ವೇಷ ಹಾಕಿ ಬರುವುದು ಹಳೆಯ ಆಟ. ಈಗ ಚಟವೇ ಮಿಠಾಯಿಯ ವೇಷ ಹಾಕಿ ಬರುತ್ತಿದೆ. ನನಗೆ ಇದರ ಭಯ ಜಾಸ್ತಿ. ಎಲೆಕ್ಟ್ರಾನಿಕ್ ಸಿಗರೇಟನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ. ಆದರೂ ಕದ್ದುಮುಚ್ಚಿ ಬರುತ್ತದೆ. ಮಾವು, ಸ್ಟ್ರಾಬೆರಿ ವಾಸನೆ, ನೋಡಲು ಪೆನ್ನಿನ ಹಾಗೆ. ಹೈಸ್ಕೂಲು ಮಕ್ಕಳ ಚೀಲದಲ್ಲಿ ಸಿಕ್ಕರೆ ಎಷ್ಟೋ ಜನ ತಂದೆತಾಯಿಗೆ ಅದು ಏನೆಂದೇ ಗೊತ್ತಾಗುವುದಿಲ್ಲ.

ಅದು ದೂರದ ಮಾತು ಎಂದರೆ, ಹತ್ತಿರದ್ದು ಸಿಹಿ ಅಡಿಕೆ ಪೊಟ್ಟಣ. ಅಂಗಡಿ ಮುಂದೆ ಹೂವಿನ ಸರದ ಹಾಗೆ ನೇತು ಹಾಕಿರುತ್ತಾರೆ. ಮದುವೆ ಮನೆಯಲ್ಲಿ ಊಟ ಆದ ಮೇಲೆ ಮಕ್ಕಳ ಕೈಗೂ ಒಂದೊಂದು ಕೊಡುತ್ತಾರೆ. ಸಿಗರೇಟ್ ಪೆಪ್ಪರ್‌ಮೆಂಟ್ ಕಂಡರೆ ಹೌಹಾರುವ ಮನೆಗಳಲ್ಲೇ ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಪೆಪ್ಪರ್‌ಮೆಂಟಿನಲ್ಲಿ ಇರುವುದು ಬರೀ ಸಕ್ಕರೆ. ಪೊಟ್ಟಣದಲ್ಲಿ ಇರುವುದು ನಿಜವಾದ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವರ್ಷಗಟ್ಟಲೆ ಜಗಿದವರ ಬಾಯಿ ಒಳಗೆ ಗಟ್ಟಿಯಾಗಿ, ಮುದ್ದೆ ತುತ್ತು ಹೋಗುವಷ್ಟೂ ತೆರೆಯದ ಹಾಗೆ ಆಗುವುದುಂಟು. ಅಡಿಕೆ ತೋಟದ ಓದುಗರು ಪೆನ್ನು ಹಿರಿಯುವ ಮುಂಚೆ ಒಂದು ಮಾತು: ನಾನು ಹೇಳುತ್ತಿರುವುದು ಮಕ್ಕಳ ಬಾಯಿಯ ಬಗ್ಗೆ ಮಾತ್ರ. ಆದರೂ ಬರೆಯುತ್ತೀರಿ, ಗೊತ್ತು. ಅಚ್ಚು ಮಾಡುತ್ತೇನೆ.

ಈಗ ನಿಮ್ಮ ಬ್ಯಾರನ್.

ಅರಕಲಗೂಡು ಕಡೆ ಹೊಗೆಸೊಪ್ಪಿನ ದುಡ್ಡಿನಲ್ಲೇ ಮಕ್ಕಳ ಫೀಸು ಕಟ್ಟುತ್ತಾರೆ, ಮದುವೆ ಮಾಡುತ್ತಾರೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯೇ ಇದೆ. ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುವ ಬೆಳೆ. ಇದನ್ನು ಬೆಳೆದದ್ದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಬೇರೆ ಬೆಳೆ ಹಾಕಿ ಎಂದು ಊರಾಚೆ ಕೂತು ಹೇಳುವುದು ಸುಲಭ, ಆ ಕೆಂಪು ಮಣ್ಣಿನಲ್ಲಿ ಅಷ್ಟು ದುಡ್ಡು ತರುವ ಬೆಳೆ ತೋರಿಸುವುದು ಕಷ್ಟ. ಆದರೆ ಮಗನಿಗೆ ಸುಳ್ಳು ಹೇಳಬೇಡಿ. ಏಳು ವರ್ಷದವನಿಗೆ ಬ್ಯಾರನ್ ವಾಸನೆ ಗೊತ್ತು. ಆ ಎಲೆ ಎಲ್ಲಿಗೆ ಹೋಗುತ್ತದೆ ಎಂದು ಇವತ್ತಲ್ಲ ನಾಳೆ ಕೇಳುತ್ತಾನೆ.

ಅವನಿಗೆ ತೋರಿಸಲು ನಿಮ್ಮ ಹೊಲದಲ್ಲೇ ಒಂದು ಪಾಠ ಇದೆ. ಮಳೆಗಾಲದಲ್ಲಿ ಒದ್ದೆ ಎಲೆ ಮುರಿದವರಿಗೆ ತಲೆ ಸುತ್ತುವುದು, ವಾಂತಿಯಾಗುವುದು ನೀವು ನೋಡಿರುತ್ತೀರಿ. ಅದು ಬಿಸಿಲಿಗೋ ಹಸಿವಿಗೋ ಆದದ್ದಲ್ಲ. ಎಲೆಯ ಮೇಲಿನ ನೀರಿನಲ್ಲಿ ನಿಕೋಟಿನ್ ಕರಗಿರುತ್ತದೆ, ಅದು ಚರ್ಮದೊಳಕ್ಕೇ ಇಳಿಯುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಬರೀ ಮುಟ್ಟಿದ್ದಕ್ಕೆ ಇಷ್ಟು. ದೊಡ್ಡವರು ಕೈಗವಸು, ತುಂಬು ತೋಳಿನ ಅಂಗಿ ಹಾಕಿಕೊಂಡು ಮುರಿಯಬೇಕು. ಮಕ್ಕಳನ್ನು ಹಸಿ ಎಲೆಯ ರಾಶಿ ಹತ್ತಿರ, ಕಡ್ಡಿಗೆ ಎಲೆ ಕಟ್ಟುವ ಕಡೆ ಬಿಡಲೇಬಾರದು. 'ಹೊರಗಿಂದ ಮುಟ್ಟಿದ್ರೇ ಹಿಂಗಾಗುತ್ತೆ ಮಗಾ, ಇನ್ನು ಎದೆಯೊಳಗೆ ಎಳ್ಕೊಂಡ್ರೆ?' ಎಂದು ಕೇಳಿ ಸುಮ್ಮನಾಗಿ. ತಾತ ಸತ್ತುಹೋಗ್ತಾರೆ ಎಂದು ಮಾತ್ರ ಹೆದರಿಸಬೇಡಿ. ಆ ಮಾತು ಕೇಳಿದ ಮಗು ರಾತ್ರಿ ಎದ್ದು ತಾತನ ಉಸಿರು ನೋಡಲು ಹೋಗುತ್ತದೆ.

ಮಾವನವರಿಗೆ ಸೊಸೆ ಬುದ್ಧಿ ಹೇಳುವುದು ಆಗದ ಮಾತು, ನನಗೆ ಗೊತ್ತು. ಅವರ ಮಗ ಹೇಳಲಿ. ಬೀಡಿ ಬಿಡಿ ಎಂದು ಮೊದಲ ದಿನವೇ ಬೇಡ. ಹುಡುಗ ಜಗಲಿಗೆ ಬಂದಾಗ ಹಿತ್ತಲಿಗೆ ಹೋಗಿ ಸೇದಿ ಎಂದರೆ ಸದ್ಯಕ್ಕೆ ಸಾಕು. ಬಿಡುವ ಮನಸ್ಸು ಬಂದರೆ 1800-11-2356ಕ್ಕೆ ಫೋನ್ ಮಾಡಲಿ. ಅದು ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನನ್ನ ಕಾಲದಲ್ಲಿ ಇದು ಇರಲಿಲ್ಲ. ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಬಿಟ್ಟು ಐದನೇ ಸಲಕ್ಕೆ ನಿಂತೆ. ಜೇಬಿನಲ್ಲಿ ಲವಂಗ ಇಟ್ಟುಕೊಂಡು ತಿರುಗುತ್ತಿದ್ದೆ. ಕೆಲವು ದಿನ, ನಗಬೇಡಿ, ಪೆಪ್ಪರ್‌ಮೆಂಟ್. ಉಂಡೆಯದು, ಕಡ್ಡಿಯದಲ್ಲ.

ಮುಂದಿನ ಷಷ್ಠಿ ಹೊತ್ತಿಗೆ ಜಗಲಿ ಮೇಲೆ ಏನು ನಡೆಯಿತು ಎಂದು ಬರೆಯಿರಿ. ವಿಡಿಯೊ ಬೇಡ.

— ಸಂಪಾದಕ